ಹಂಪವ್ವ ಬಾಯಿಬಿಟ್ಟು ಆಡಿದ ಆಟ

ಬಲು ಹಿಂದೆ, ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ, ಹೊಳೆಗುಡ್ಡ ಅಂತ ಒಂದು ಊರಿತ್ತು. ಆ ಊರಲ್ಲಿ ಅಂಬಿಗರ ಹಂಪವ್ವ ಅಂತ ಒಬ್ಬಳಿದ್ದಳು. ಹರಿಗೋಲು ಹಾಕುವವಳು. ಚದುರಂಗದಲ್ಲಿ ಅವಳನ್ನು ಮೀರಿಸುವವರು ಎರಡು ದಂಡೆಯಲ್ಲೂ ಇರಲಿಲ್ಲವಂತೆ, ಒಬ್ಬರನ್ನು ಬಿಟ್ಟು.

ಆ ಒಬ್ಬರು ದೇಸಾಯಿ ಗುಂಡೇರಾಯರು. ಅವರ ಬಲಗೈಯಲ್ಲಿ ಬೆಳ್ಳಿ ಕಡಗ. ಆ ಸೀಮೆಯಲ್ಲಿ ಚದುರಂಗದ ಪಟ್ಟ ಅಂದರೆ ಆ ಕಡಗವೇ. ಮೊದಲು ಅದನ್ನು ತೊಟ್ಟವನು ಒಬ್ಬ ಬಳೆಗಾರನಂತೆ. ಅವನನ್ನು ಸೋಲಿಸಿದ ಜೋಯಿಸರು ಹನ್ನೆರಡು ವರ್ಷ ಯಾರ ಜೊತೆಗೂ ಆಡದೆ ಕಡಗ ತೊಟ್ಟು ಕೂತುಬಿಟ್ಟರಂತೆ. ಅವರು ಸತ್ತ ಮೇಲೆ ಇಬ್ಬರು ಪಟ್ಟಕ್ಕಾಗಿ ನಲವತ್ತು ದಿನ ಆಡಿದರಂತೆ. ಗೆಲುವೂ ಇಲ್ಲ, ಸೋಲೂ ಇಲ್ಲ, ಇಬ್ಬರೂ ಸೊರಗಿ ಕಡ್ಡಿಯಾದಾಗ ಊರವರೇ ಆಟದ ಹಾಸುಬಟ್ಟೆ ಮಡಚಿಟ್ಟರಂತೆ. ಆಗ ಹಿರಿಯರು ಕಟ್ಟು ಮಾಡಿದರು: ಮೂರು ವರ್ಷಕ್ಕೊಮ್ಮೆ ಆಡಲೇಬೇಕು, ಕೇಳಿ ಬಂದವರು ಯಾರೇ ಇರಲಿ ಒಲ್ಲೆ ಅನ್ನಬಾರದು, ಹತ್ತೇ ಆಟ, ಸಮಸಮ ಆದರೆ ಕಡಗ ಇದ್ದಲ್ಲೇ ಇರಬೇಕು.

ಹಂಪವ್ವ ಆಟ ಕಲಿತದ್ದು ಹರಿಗೋಲಿನಲ್ಲಿ. ಹೊಳೆ ದಾಟುವವರು ನಿನ್ನೆಯ ಆಟಕ್ಕಾಗಿ ಜಗಳಾಡುತ್ತಿದ್ದರು, ಅವಳು ಹುಟ್ಟು ಹಾಕುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಒಂದು ವರ್ಷ, "ಈ ಸಲ ನಾ ಆಡತೀನಿ" ಅಂದಳು. ಊರೇ ಬೆಚ್ಚಿತು. ಆಟ ನಡೆಯುವುದು ಸುಂಕದ ಕಟ್ಟೆಯ ಮೇಲೆ. ಅಂಬಿಗರ ಕೇರಿಯವರು ಆ ಕಟ್ಟೆ ಹತ್ತುವಂತಿರಲಿಲ್ಲ. ಹಿರಿಯರ ಕಟ್ಟು ಅಂದರೆ ಕಟ್ಟು ಅಂತ ಗುಂಡೇರಾಯರೇ ಅವಳನ್ನು ಹತ್ತಿಸಿದರಂತೆ. ಕಡಗ ಗೆದ್ದವರ ಕೇರಿಗೆಲ್ಲ ಕಟ್ಟೆಯ ಮೇಲೆ ಜಾಗ. ಹಾಗಾಗಿ ಕೇರಿಗೆ ಕೇರಿಯೇ ಬಿಸಿಲಲ್ಲಿ ನಿಂತು ಕಾದಿತ್ತು.

ಒಂಬತ್ತು ದಿನ, ಒಂಬತ್ತು ಆಟ. ನಾಲ್ಕು ಅವಳದು, ನಾಲ್ಕು ಅವರದು, ಒಂದು ಸಮ. ಹತ್ತನೆಯದು ಗೆದ್ದರೆ ಕಡಗ ಅವಳದು.

ದೂರ ನಿಂತವರಿಗೆ ಕೇಳಲಿ ಅಂತ ಮುದಿಯಪ್ಪ ಅನ್ನುವವನು ಒಂದೊಂದು ನಡೆಯನ್ನೂ ಕೂಗುತ್ತಿದ್ದ. ಹತ್ತನೆಯ ದಿನ ಮಧ್ಯಾಹ್ನ ಹಂಪವ್ವ ಬಲಗಡೆಯ ಕುದುರೆ ಎತ್ತಿಟ್ಟಳು. ಮುದಿಯಪ್ಪ ಬಾಯಿತಪ್ಪಿ, "ಎಡಗಡೆ ಕುದುರಿ, ಆನಿ ಮುಂದಿನ ಮನೀಗೆ!" ಅಂತ ಕೂಗಿದ. ಗುಂಡೇರಾಯರು ಸಣ್ಣಗೆ ನಕ್ಕು, ಆ ಕುದುರೆಯನ್ನು ಹೊಡೆಯಲು ಕೈ ಚಾಚಿದರು. ಆನೆಯ ಮುಂದಿನ ಮನೆಗೆ ಬೆರಳು ಇಳಿಸಿದರು.

ಆ ಮನೆ ಖಾಲಿ ಇತ್ತು.

ಬೆರಳು ಹಾಸನ್ನು ತಡವಿತು. ಮತ್ತೆ ತಡವಿತು. ಹಂಪವ್ವ ತಲೆ ಎತ್ತಿ ನೋಡಿದಳು. ಅವರ ಕಣ್ಣು ತೆರೆದಿತ್ತು, ಅವಳ ಕಡೆಗೇ ಇತ್ತು, ಆದರೆ ಅವಳನ್ನು ನೋಡುತ್ತಿರಲಿಲ್ಲ. ಹತ್ತು ದಿನ ಎದುರಿಗೇ ಕೂತು ನನಗೆ ಗೊತ್ತಾಗಲಿಲ್ಲವಲ್ಲ ಅಂತ ಅವಳು ತನ್ನನ್ನೇ ಬೈದುಕೊಂಡಳಂತೆ. ಜನ ಮಾತ್ರ ರಾಯರು ಯೋಚಿಸುತ್ತಿದ್ದಾರೆ ಅಂದುಕೊಂಡರು.

ಸುಮ್ಮನಿದ್ದರೆ ಸಾಕಿತ್ತು. ಹಾಸಿನ ಮೇಲೆ ಒಂದು ಆಟ, ಕೂಗು ಕೇಳಿಯೇ ಆಡುವ ರಾಯರ ತಲೆಯೊಳಗೆ ಇನ್ನೊಂದು ಆಟ. ಇನ್ನು ನಾಲ್ಕು ನಡೆಯಲ್ಲಿ ಅವರು ಸೋಲುತ್ತಿದ್ದರು. ಕೆಳಗೆ ಕೇರಿ ನಿಂತಿತ್ತು. ಅಣ್ಣ ಭರಮಣ್ಣ ನಿಂತಿದ್ದ. ಹಂಪವ್ವ ಒಮ್ಮೆ ಕೇರಿಯನ್ನು ನೋಡಿದಳು, ಒಮ್ಮೆ ಹಾಸು ತಡವುವ ಆ ಬೆರಳನ್ನು.

"ರಾಯರ, ನಾ ಎತ್ತಿದ್ದು ಬಲಗಡೆ ಕುದುರಿ. ಮಂತ್ರಿ ಮುಂದಿನ ಮನ್ಯಾಗ ಐತ್ರಿ," ಅಂದಳು ಕೊನೆಗೆ.

ಚಾಚಿದ ಕೈ ಹಾಗೇ ನಿಂತಿತು. ಆಮೇಲೆ ನಿಧಾನ ಹಿಂದೆ ಹೋಯಿತು. ಅಲ್ಲಿಂದ ಮುಂದೆ ಅವಳೇ ಪ್ರತಿ ನಡೆಯನ್ನೂ ಬಾಯಿಬಿಟ್ಟು ಹೇಳಿ ಕಾಯಿ ಮುಟ್ಟಿದಳು. ಜನ ಸೊಕ್ಕು ಅಂದರು. ಹೊತ್ತು ಇಳಿಯುವ ಮುಂಚೆ ಅವಳ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ.

ಹೋ ಅಂತ ಕೂಗೆದ್ದಿತು. ಗುಂಡೇರಾಯರು ಕೈಯೆತ್ತಿ ಸುಮ್ಮನಿರಿಸಿದರು.

"ಹಂಪವ್ವ, ಕೈ ಕೊಡವಾ. ಮೆಟ್ಟಲಾ ಎಲ್ಲಿ ಅದಾವೋ ನನಗ ಕಾಣಂಗಿಲ್ಲ. ಮೂರು ವರ್ಷಾತು, ಏನೂ ಕಾಣಂಗಿಲ್ಲ."

ಮುದಿಯಪ್ಪ ತಾನು ಬಾಯಿತಪ್ಪಿ ಕೂಗಿದ್ದು ನೆನೆದು ಹಣೆ ಚಚ್ಚಿಕೊಂಡನಂತೆ. ರಾಯರು ಆಳಿನ ಹೆಗಲ ಮೇಲೆ ಕೈಯಿಟ್ಟು ಬರುತ್ತಿದ್ದದ್ದು ದೊಡ್ಡಸ್ತಿಕೆಯಲ್ಲ ಅಂತ ಎಲ್ಲರಿಗೂ ಆಗ ತಿಳಿಯಿತು. ಹಂಪವ್ವ ಅವರ ಕೈ ಹಿಡಿದು ಕೆಳಗಿಳಿಸಿದಳು.

ದಾರಿಯಲ್ಲಿ ಭರಮಣ್ಣ, "ಗೊತ್ತಿದ್ದೂ ಹೇಳಿದ್ಯಾ? ಕೇರಿಗೆ ಕೇರೀನ ಕಾಯಾಕತ್ತಿತ್ತಲ್ಲಬೇ!" ಅಂತ ಕಿರುಚಿದ.

"ಇಲ್ಲದ ಕುದುರಿಗೆ ಕೈ ಚಾಚಿದ್ರು, ಯಣ್ಣ. ಅದನ್ನ ನೋಡ್ಕೊಂತ ನಾ ಹ್ಯಾಂಗ ಕುಂದ್ರಲಿ?"

ಅವನು ಒಂದು ವರ್ಷ ಅವಳ ಜೊತೆ ಮಾತು ಬಿಟ್ಟನಂತೆ. ಕೇರಿಯವರು ಆ ಕಟ್ಟೆ ಹತ್ತುವುದಕ್ಕೆ ಇನ್ನೂ ಎರಡು ತಲೆಮಾರು ಬೇಕಾಯಿತು.

ಮುಂದಿನ ಸಲ ಹಂಪವ್ವನೇ ಕಡಗ ಗೆದ್ದಳು, ಆದರೂ ಕೇರಿಗೆ ಕಟ್ಟೆ ಬಿಟ್ಟುಕೊಡಲಿಲ್ಲ ಅಂತ ನಮ್ಮ ದಂಡೆಯವರು ಹೇಳುತ್ತಾರೆ. ಇಲ್ಲ, ರಾಯರು ಕಣ್ಣು ಮುಚ್ಚಿದಾಗ ಕಡಗ ಅವರ ಕೈಯಲ್ಲೇ ಇತ್ತು ಅಂತ ಆಚೆ ದಂಡೆಯವರು. ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಇವತ್ತಿಗೂ ಹೊಳೆಗುಡ್ಡದಲ್ಲಿ ಚದುರಂಗಕ್ಕೆ ಕೂತವರು ಮೊದಲು ಬಾಯಲ್ಲಿ ನಡೆ ಹೇಳುತ್ತಾರೆ, ಆಮೇಲೆ ಕಾಯಿ ಮುಟ್ಟುತ್ತಾರೆ. ಎದುರಿನವರ ಕಣ್ಣು ಎಷ್ಟೇ ಚುರುಕಿರಲಿ, ಹೇಳಲೇಬೇಕು. ಮರೆತು ಎತ್ತಿದರೋ, ಸುತ್ತ ನಿಂತವರು "ರಾಯರಿಗ ಕೇಳಿಸಲಿಲ್ಲ" ಅನ್ನುತ್ತಾರೆ. ಎತ್ತಿದವರು ಮರುಮಾತಾಡದೆ ಕಾಯಿಯನ್ನು ಇದ್ದಲ್ಲೇ ಇಡುತ್ತಾರೆ.