ಹಂದರ ಬಿಚ್ಚಿದ ಸೂರಪ್ಪ

ಸೋಮರಸ ದೊರೆ ಹೊಸದಾಗಿ ಕಲ್ಲಿನ ಅರಮನೆ ಕಟ್ಟಿಸಿದ್ದೇ ತಡ, ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಂದವರನ್ನೆಲ್ಲ ಕೈಹಿಡಿದು ಕರೆದೊಯ್ದು ಕಂಬ ಮುಟ್ಟಿಸುತ್ತಿದ್ದ. ಪಾಪ, ಮುಟ್ಟಿ ಮುಟ್ಟಿ ಜನಕ್ಕೂ ಸಾಕಾಗಿತ್ತು.

ಒಂದು ಬೆಳಿಗ್ಗೆ ಉಪ್ಪರಿಗೆಯಿಂದ ನೋಡುತ್ತಾನೆ, ಎದುರಿನ ಬಯಲಲ್ಲಿ ಬುಟ್ಟಿ ಹೆಣೆಯುವ ಮೇದರ ಗುಡಿಸಲುಗಳು! ಬಿದಿರಿನ ಗೂಟ, ತಟ್ಟಿಯ ಗೋಡೆ, ಚಾಪೆಯ ಮಾಡು. ಬೇಕೆಂದಾಗ ಬಿಚ್ಚಿ ಕತ್ತೆಯ ಮೇಲೆ ಹೇರಿಕೊಂಡು ಹೋಗುವಂಥವು. ದೊರೆಗೆ ಮೈಯೆಲ್ಲ ಉರಿಯಿತು.

"ಸೂರಪ್ಪ, ಬರೆದುಕೋ! ಕಲ್ಲಿನ ಬುನಾದಿ ಇಲ್ಲದ್ದು ಯಾವುದೂ ನನ್ನ ಊರಲ್ಲಿ ನಿಲ್ಲಕೂಡದು. ನಾಳೆ ಮಧ್ಯಾಹ್ನದೊಳಗೆ ಕಿತ್ತು ಹಾಕಿಸು."

ಸೂರಪ್ಪ ಆಸ್ಥಾನದಲ್ಲಿ ಓಲೆ ಬರೆಯುವವನು. "ಅಪ್ಪಣೆ" ಎಂದು ಬರೆದುಕೊಂಡು ಬಯಲಿಗೆ ಹೋದ. ಮೇದರ ಹಿರಿಯಳು ಕೇತವ್ವ ಅಳುತ್ತ ಎದುರು ಬಂದಳು.

"ಅಪ್ಪಾ, ಸೊಸೆಗೆ ದಿನ ತುಂಬಿದೆ. ಇವತ್ತೋ ನಾಳೆಯೋ ಅನ್ನೋ ಹಾಗಿದ್ದಾಳೆ. ಅವಳನ್ನ ಎಲ್ಲಿಗೆ ಕರಕೊಂಡು ಹೋಗಲಿ?"

ಸೂರಪ್ಪ ಓಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಅಳಬೇಡವ್ವ. ಕೀಳೋ ಕೆಲಸ ನಾನು ಅರಮನೆ ಕಡೆಯಿಂದಲೇ ಶುರು ಮಾಡ್ತೀನಿ" ಎಂದ.

ಮರುದಿನ ಬೆಳಿಗ್ಗೆ ಅರಮನೆಯ ಅಂಗಳದಲ್ಲಿ ದಡಬಡ ಸದ್ದು. ದೊರೆ ಓಡಿ ಬಂದ. ಇನ್ನು ಮೂರು ದಿನಕ್ಕೆ ಹಿರಿಮಗಳ ಮದುವೆ. ಅದಕ್ಕೆಂದು ಮೇದರು ಕಟ್ಟಿದ್ದ ಹಂದರದ ಅರ್ಧ ಭಾಗ ನೆಲಕ್ಕೆ ಬಿದ್ದಿದೆ! ಸೂರಪ್ಪ ಏಣಿಯ ಮೇಲೆ ನಿಂತು ಉಳಿದ ಹಗ್ಗ ಬಿಚ್ಚುತ್ತಿದ್ದಾನೆ.

"ಅಯ್ಯೋ ಮುಟ್ಠಾಳ, ಏನು ಮಾಡ್ತಿದ್ದೀಯೋ!"

"ತಮ್ಮ ಅಪ್ಪಣೆ ನಡೆಸ್ತಿದ್ದೀನಿ ಪ್ರಭು. ಬುಡ ಅಗೆದು ನೋಡಿದೆ, ಒಂದು ಕಲ್ಲೂ ಸಿಗಲಿಲ್ಲ."

"ಹಂದರ ಇಲ್ಲದೆ ಮದುವೆ ಎಲ್ಲಿ ಮಾಡಲಿ?"

"ಇಷ್ಟು ಚೆಂದದ ಅರಮನೆ ಇದೆಯಲ್ಲ! ಒಳಗೇ ಧಾರೆ ಎರೆದುಬಿಡಿ."

"ಕಲ್ಲಿನ ಚಾವಣಿ ಕೆಳಗೆ ಧಾರೆಯೇ? ನಮ್ಮ ವಂಶದಲ್ಲಿ ಹಸಿ ಬಿದಿರಿನ ಹಂದರ ಹಾಕದೆ ಯಾವ ಶುಭಕಾರ್ಯ ನಡೆದಿದೆಯೋ? ಬೀಗರು ಏನಂದುಕೊಂಡಾರು! ಕರೆಸು ಆ ಮೇದರನ್ನು, ಮತ್ತೆ ಕಟ್ಟಲಿ."

"ಕಟ್ಟೋವ್ರನ್ನೇ ಊರು ಬಿಡಿಸ್ತಿದ್ದೀವಲ್ಲ ಪ್ರಭು!"

ದೊರೆ ತಲೆ ಕೆರೆದುಕೊಂಡ. ಅಷ್ಟು ಹೊತ್ತಿಗೆ ಸದ್ದು ಕೇಳಿ ರಾಣಿಯೂ ಬಂದು ಹಿಂದೆ ನಿಂತಿದ್ದಳು.

"ಸರಿ, ತಿದ್ದಿ ಬರೆ. ನಮ್ಮ ಮನೆಯ ಶುಭಕಾರ್ಯಗಳು ಮುಗಿಯುವ ತನಕ ಮೇದರು ಇರಲಿ. ಅದರ ಮಾರನೆಯ ದಿನವೇ ಹೊರಡಬೇಕು, ಆಯ್ತಾ?" ಎಂದ ದೊರೆ.

ಸೂರಪ್ಪ ಏಣಿ ಇಳಿದು, ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ನಿಧಾನವಾಗಿ ಬರೆದ. ಆಮೇಲೆ ತಲೆಯೆತ್ತಿದ.

"ಎಲ್ಲ ಬರೆದಾಯ್ತು ಪ್ರಭು, ದಿನ ಒಂದು ಹಾಕಬೇಕು. ಈ ಮನೆಯಲ್ಲಿ ಇನ್ನು ಮದುವೆ ಇಲ್ಲ, ಸೀಮಂತ ಇಲ್ಲ, ತೊಟ್ಟಿಲು ಕಟ್ಟೋದಿಲ್ಲ ಅನ್ನೋ ದಿನ ಯಾವುದು? ತಾವೇ ಬಾಯಿಬಿಟ್ಟು ಹೇಳಿ, ಬರೆದುಬಿಡ್ತೀನಿ."

ದೊರೆ ಬಾಯಿ ತೆರೆದ. ರಾಣಿಯ ಕಡೆ ನೋಡಿದ. "ಬಿಡ್ತು ಅನ್ನಿ!" ಎಂದು ರಾಣಿ ಕಣ್ಣು ಕೆಕ್ಕರಿಸಿದಳು.

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಹರಿದು ಹಾಕೋ ಆ ಓಲೆಯನ್ನ! ಮೇದರು ಅಲ್ಲೇ ಇರಲಿ, ಅವರನ್ನು ಯಾರೂ ಕದಲಿಸಬೇಡಿ. ಆದರೆ ಈ ಹಂದರಕ್ಕೆ ಅವರನ್ನು ಕರೆಯಬೇಡ. ಏಣಿ ಹತ್ತು, ಬಿಚ್ಚಿದವನೇ ಕಟ್ಟು!"