ಬೆಕ್ಕು ಮುಚ್ಚಿಟ್ಟ ಮೂರು ಕರಟ

ಹಿಡಿದದ್ದನ್ನು ಆಡಿಸದೆ ತಿನ್ನುವ ಅಭ್ಯಾಸ ಉಗ್ರಾಣದ ಬೆಕ್ಕಿಗಿರಲಿಲ್ಲ. ಇಲಿಮರಿಯೊಂದನ್ನು ಹಿಡಿದು, ಮೂರು ಕರಟಗಳಲ್ಲೊಂದರ ಕೆಳಗೆ ಮುಚ್ಚಿಟ್ಟು, ಅದರ ತಂದೆತಾಯಿಯನ್ನು ಕರೆಯಿತು. "ಸರಿಯಾದ ಕರಟ ತೋರಿಸಿದರೆ ಮರಿ ನಿಮ್ಮದು, ತಪ್ಪಿದರೆ ನನ್ನದು." ಹೆದರಿದ ಮರಿ ಸದ್ದೇ ಮಾಡಲಿಲ್ಲ.

ಗಂಡಿಲಿ ಎಡಗಡೆಯದನ್ನು ಮುಟ್ಟಿತು. ಬೆಕ್ಕು ತನ್ನ ಎಂದಿನ ಆಟದಂತೆ, ಉಳಿದೆರಡರಲ್ಲಿ ಖಾಲಿಯಿದ್ದ ನಡುವಿನ ಕರಟವನ್ನು ಎತ್ತಿ ತೋರಿಸಿ, "ಬೇಕಾದರೆ ಈಗಲೂ ಬದಲಿಸಬಹುದು" ಎಂದಿತು.

"ಬದಲಿಸಿ," ಎಂದಿತು ಹೆಣ್ಣಿಲಿ. "ಮೂರರಲ್ಲಿ ಒಂದನ್ನು ಕಣ್ಣುಮುಚ್ಚಿ ಮುಟ್ಟಿದಿರಿ. ತಪ್ಪಿರುವ ಸಂಭವವೇ ಹೆಚ್ಚು. ತಪ್ಪಿದ್ದರೆ ಮರಿ ಬಲಗಡೆಯದರಲ್ಲೇ ಇದೆ. ಖಾಲಿ ಯಾವುದೆಂದು ಬೆಕ್ಕಿಗೆ ಗೊತ್ತು, ನೋಡಿಯೇ ಎತ್ತಿದೆ."

"ಉಳಿದಿರುವುದು ಎರಡು. ಅದೂ ಇದೂ ಸಮ. ನಿನ್ನ ಲೆಕ್ಕ ನಿನ್ನ ಹತ್ತಿರವೇ ಇರಲಿ. ಒಮ್ಮೆ ಮುಟ್ಟಿದ್ದನ್ನು ಬೆಕ್ಕಿನೆದುರು ಬಿಟ್ಟುಕೊಡುವವನಲ್ಲ ನಾನು."

ಬೆಕ್ಕು ಎಡಗಡೆಯ ಕರಟ ಎತ್ತಿತು. ಅಲ್ಲಿ ಏನೂ ಇರಲಿಲ್ಲ. ಬಲಗಡೆಯದರೊಳಗಿಂದ ಮರಿ ಒಮ್ಮೆ ಕೀಚೆಂದಿತು.

ಬಿಲಕ್ಕೆ ಮರಳುವ ದಾರಿಯಲ್ಲಿ ಹೆಣ್ಣಿಲಿ ಮುಂದೆ ಮುಂದೆ ನಡೆಯಿತು. ಗಂಡಿಲಿ ಹಿಂದಿನಿಂದ ಹೇಳಿತು: "ಎರಡೂ ಸಮ ಅಂದವನು ನಾನೇ. ಸಮ ಅಂದಮೇಲೆ, ನಿನ್ನ ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?"