ನಿರಾಕಾರಕ್ಕೆ ಇಟ್ಟ ದೃಷ್ಟಿಬೊಟ್ಟು

ರೂಪವಿಲ್ಲದವನಾಗಿಯೂ ಕಂಡ ಕಂಡ ರೂಪದಲ್ಲೆಲ್ಲ ನಗುವ ಪರಮಾತ್ಮನಿಗೆ ಮೊದಲು ಕೈ ಮುಗಿಯುತ್ತೇನೆ. ಹೇಳುವ ನಾಲಿಗೆಯನ್ನೂ ಕೇಳುವ ಕಿವಿಯನ್ನೂ ಅವನೇ ಕಾಯಲಿ.

ಒಬ್ಬ ಶಿಷ್ಯ ಗುರುವನ್ನು ಕೇಳಿದ: "ಗುರುಗಳೇ, ನಿರಾಕಾರನನ್ನು ಧ್ಯಾನಿಸು ಎಂದಿರಿ. ಕೂತೆ. ಮನಸ್ಸು ತಿಳಿಯಾಗುತ್ತದೆ. ಇನ್ನೇನು ಎಲ್ಲ ರೂಪವೂ ಅಳಿಯಿತು ಎನ್ನುವಷ್ಟರಲ್ಲಿ ನಾನು ದಿನವೂ ಪೂಜಿಸುವ ಸ್ವಾಮಿಯ ಮುಖ ಬಂದು ನಿಲ್ಲುತ್ತದೆ. ಆರು ತಿಂಗಳಿಂದ ದಿನವೂ ಹೀಗೆಯೇ. ನನ್ನ ಸಾಧನೆ ಕೆಟ್ಟಿತೇ?"

ಗುರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಮದುವಣಗಿತ್ತಿಯರಿಗೆ ಅಲಂಕಾರ ಮಾಡುವ ಹೆಂಗಸೊಬ್ಬಳಿದ್ದಳು. ದೈವಭಕ್ತೆ. ಅವಧಿ ಮುಗಿದ ಬಣ್ಣವನ್ನು ಅವಳು ಯಾರ ಮುಖಕ್ಕೂ ಹಚ್ಚುತ್ತಿರಲಿಲ್ಲ. ಎಸೆಯಲೂ ಮನಸ್ಸು ಬಾರದು. ಹೀಗೆ ಉಳಿದ ಲಿಪ್‌ಸ್ಟಿಕ್ ತುಂಡು, ಒಣಗಿದ ಕಾಡಿಗೆ, ಕೆನ್ನೆಗೆ ಹಚ್ಚುವ ಒಡೆದ ರೂಜು, ಅಂಟಂಟಾದ ಉಗುರುಬಣ್ಣ ಎಲ್ಲವೂ ಹದಿನೈದು ವರ್ಷದಿಂದ ಒಂದು ಟ್ರಂಕಿನಲ್ಲಿ ತುಂಬಿದ್ದವು.

ಆ ಊರಿನ ಮಠದಲ್ಲಿ ಹೊಸ ಧ್ಯಾನಮಂದಿರವಾಯಿತು. ಒಳಗೆ ವಿಗ್ರಹವಿಲ್ಲ, ಪಟವಿಲ್ಲ, ಬರಿಯ ಬಿಳಿ ಗೋಡೆ. ಮಠದ ಹಿರಿಯರು ಭಕ್ತರೊಡನೆ ಹೇಳಿದರು: "ಎದುರು ಗೋಡೆಗೆ ಒಂದು ಚಿತ್ರ ಬೇಕು. ಹೂವು, ಹಕ್ಕಿ, ಮುಖ ಯಾವುದೂ ಅದರಲ್ಲಿ ಕಾಣಬಾರದು. ಕಂಡರೆ ಕೂತವರ ಮನಸ್ಸು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬರಿಯ ಬಣ್ಣ ಸಾಕು. ಮೊಳೆ ಹೊಡೆಸಿದ್ದೇನೆ."

ಭಕ್ತರ ನಡುವೆ ಕೂತಿದ್ದ ಅವಳ ಮೈ ಕೇಳಿದ್ದೇ ಜುಮ್ಮೆಂದಿತು. ಎಷ್ಟೋ ಮುಖಗಳನ್ನು ಚೆಲುವಾಗಿಸಿದ್ದಳು. ಒಂದೂ ಮಾರನೆಯ ಬೆಳಗಿನವರೆಗೆ ಉಳಿದಿರಲಿಲ್ಲ. ತನ್ನ ಕೈಯದೊಂದು ಕೆಲಸ ತೊಳೆದುಹೋಗದೆ ದೇವರ ಮನೆಯಲ್ಲಿ ನಿಲ್ಲಬೇಕು! ಓಡುತ್ತಲೇ ಮನೆಗೆ ಬಂದು ಟ್ರಂಕು ತೆರೆದಳು.

ಲಿಪ್‌ಸ್ಟಿಕ್ ತುಂಡುಗಳನ್ನು ಸೌಟಿನಲ್ಲಿಟ್ಟು, ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಕರಗಿಸಿದಳು. ರೂಜನ್ನು ಅರೆದು ಗೋಂದಿನ ನೀರಿಗೆ ಕಲಸಿದಳು. ಬಿಳಿ ಬಳಿದ ಹಲಗೆಯನ್ನು ಗೋಡೆಗೆ ಒರಗಿಸಿ, ಉಸಿರು ಬಿಗಿಹಿಡಿದು ಬಣ್ಣ ಎಳೆದಳು. ಎಳೆದದ್ದು ಹುಬ್ಬಾಯಿತು. ಕೆಳಗೊಂದು ಕೆಂಪು ಇಟ್ಟಳು. ತುಟಿಯಾಯಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. "ಇದು ಮೇಲುಮನೆ ಸೊಸೆ ಅಲ್ಲವೇನೇ? ಮದುವೆ ದಿನವೂ ಹೀಗೇ ಮುಖ ಗಂಟು ಹಾಕಿಕೊಂಡಿದ್ದಳು."

ಅವಳು ನಕ್ಕು ಹಲಗೆಯನ್ನು ತಲೆಕೆಳಗು ಮಾಡಿದಳು.

"ಈಗ ಅವಳೇ ತಲೆಕೆಳಗಾಗಿ ನಿಂತಳು, ಅಷ್ಟೇ," ಎಂದಳು ಅತ್ತೆ.

ಒರೆಸಿದಳು, ಮತ್ತೆ ಬಳಿದಳು. ಎಡಗೈಯಲ್ಲಿ ಬಳಿದಳು, ಕಣ್ಣು ಮುಚ್ಚಿ ಬಳಿದಳು. ಎಲ್ಲಿಂದಲೋ ಒಂದು ಮೂಗು ಇಣುಕುತ್ತಿತ್ತು. ಕೈಗೆ ಮುಖವಲ್ಲದೆ ಬೇರೇನೂ ಗೊತ್ತಿರಲಿಲ್ಲ. ಆದರೂ ಅವಳಿಗೆ ಬೇಸರ ಬರಲಿಲ್ಲ. ಒಂದೊಂದು ಸಲ ಸೋತಾಗಲೂ ಕುತೂಹಲ ಇನ್ನಷ್ಟು ಏರಿತು. ನಾಲ್ಕನೆಯ ದಿನ ಥಟ್ಟನೆ ಹೊಳೆಯಿತು. ಮುಖಕ್ಕೆ ಮೇಲು ಕೆಳಗು ಬೇಕು. ಮೇಲು ಕೆಳಗೇ ಇಲ್ಲದಿದ್ದರೆ?

ಹಲಗೆಯನ್ನು ನೆಲದ ಮೇಲೆ ಅಂಗಾತ ಮಲಗಿಸಿದಳು. ಸುತ್ತಲೂ ಪ್ರದಕ್ಷಿಣೆ ಬರುತ್ತಾ, ಹೋದ ಕಡೆಯಿಂದೆಲ್ಲ ಬಣ್ಣ ಬಿಟ್ಟಳು. ಕರಗಿದ ಕೆಂಪು ಹರಿಯಿತು. ಉಗುರುಬಣ್ಣವನ್ನು ಬಾಟಲಿಯಿಂದಲೇ ಸುರಿದಳು. ಮಿನುಗುಪುಡಿಯನ್ನು ಅಂಗೈಯಲ್ಲಿಟ್ಟು ಉಫ್ ಎಂದು ಊದಿದಳು. ಒಂದು ಬಣ್ಣ ಇನ್ನೊಂದರೊಳಗೆ ನುಗ್ಗಿತು, ಬಿರುಕು ಬಿಟ್ಟಿತು, ತಾನಾಗಿ ಬೇರೊಂದಾಯಿತು. "ಸ್ವಾಮೀ, ಇದು ನಾನು ಮಾಡಿದ್ದಲ್ಲ, ನೀನೇ!" ಎಂದು ಕೂಗಿಕೊಂಡಳು.

"ಅತ್ತೆ, ಬನ್ನಿ! ಏನು ಕಾಣುತ್ತದೆ ಹೇಳಿ!"

ಅತ್ತೆ ಬಂದಳು. ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು. ಕೊನೆಗೆ ಮೆಲ್ಲಗೆ ಹೇಳಿದಳು: "ಏನೂ ಕಾಣೋದಿಲ್ಲ ಕಣೇ. ಆದರೆ ಕಣ್ಣು ಕೀಳೋಕೇ ಆಗ್ತಿಲ್ಲ."

ಕಣ್ಣು ಕೀಳಲಾಗುತ್ತಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಬೆರಳು ಕಾಡಿಗೆ ಡಬ್ಬಿಗೆ ಹೋಯಿತು. ಅಲಂಕಾರ ಮುಗಿದ ಹೆಣ್ಣಿಗೆ ಕೆನ್ನೆಯ ಅಂಚಿನಲ್ಲಿ ದೃಷ್ಟಿಬೊಟ್ಟು ಇಡದೆ ಅವಳು ಒಬ್ಬಳನ್ನೂ ಕಳಿಸಿದವಳಲ್ಲ. ಯೋಚಿಸುವ ಮೊದಲೇ ಚಿತ್ರದ ಒಂದು ಅಂಚಿನಲ್ಲಿ ಕಪ್ಪು ಬೊಟ್ಟು ಕೂತಿತ್ತು.

ನೋಡಿದರೆ, ಬೊಟ್ಟಿನ ಸುತ್ತಲಿನ ಕೆಂಪು ಕೆನ್ನೆಯಾಗಿತ್ತು! ಕಣ್ಣಿಲ್ಲ, ಬಾಯಿಲ್ಲ, ಮೂಗಿಲ್ಲ. ಆದರೂ ಅದು ಮುಖ. ಯಾರದೆಂದು ಹೇಳಲಾಗದು, ಎಂದೋ ಕಂಡ ಮುಖವೆನಿಸುತ್ತದೆ.

ಬಣ್ಣ ಗಟ್ಟಿಯಾದ ಮೇಲೆ ಹಾಗೆಯೇ ಹೊತ್ತುಕೊಂಡು ಮಠಕ್ಕೆ ಹೋದಳು. ಹಿರಿಯರು ಬಹಳ ಹೊತ್ತು ನೋಡಿದರು. "ತಾಯೀ, ನಾನು ಕೇಳಿದ್ದು ಇದನ್ನೇ. ಆ ಬೊಟ್ಟೊಂದನ್ನು ಒರೆಸಿಬಿಡು. ಈಗಲೇ ಮೊಳೆಗೆ ಹಾಕೋಣ."

ಅವಳು ಬಟ್ಟೆಯ ತುದಿಯನ್ನು ಎಣ್ಣೆಯಲ್ಲಿ ಅದ್ದಿದಳು. ಬೊಟ್ಟಿನ ಹತ್ತಿರ ತಂದಳು. ಕೈ ಮುಂದೆ ಹೋಗಲಿಲ್ಲ.

"ದೃಷ್ಟಿಬೊಟ್ಟು ಒರೆಸಿ ಮಗೂನ ನಾಲ್ಕು ಜನರ ಮುಂದೆ ಹೇಗೆ ಕೂರಿಸಲಿ, ಬುದ್ಧೀ?"

"ಮಗು ಎಲ್ಲಿದೆ, ತಾಯೀ?"

ಅವಳು ಬಟ್ಟೆಯನ್ನು ಮಡಿಸಿಟ್ಟಳು. ನಮಸ್ಕಾರ ಮಾಡಿ ಹಲಗೆಯನ್ನು ಎತ್ತಿಕೊಂಡಳು. ಮೊಳೆ ಬರಿದಾಗಿಯೇ ಉಳಿಯಿತು. ಹೊರಗೆ ಬಿಸಿಲಿತ್ತು. ಬಣ್ಣ ಕರಗೀತೆಂದು ಚಿತ್ರಕ್ಕೆ ಸೆರಗು ಹೊದಿಸಿ, ಮಗುವಿನಂತೆ ಎದೆಗವಚಿಕೊಂಡು ಮನೆಗೆ ನಡೆದಳು. ಹಂಬಲಿಸಿದ್ದು ಕೈ ತಪ್ಪಿತ್ತು; ಆದರೂ ಅವಳ ಹೆಜ್ಜೆ ಕುಣಿಯುತ್ತಿತ್ತು.

ಗುರು ಕತೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಹಾಗಾದರೆ ಚಿತ್ರ ಕೆಟ್ಟಂತೆಯೇ ಅಲ್ಲವೇ ಗುರುಗಳೇ? ರೂಪವೇ ಇಲ್ಲದ ಕಡೆ ಅವಳು ಬೊಟ್ಟಿಟ್ಟದ್ದಾದರೂ ಯಾರಿಗೆ?"

ಗುರು ಹೇಳಿದರು: "ಪ್ರೀತಿ ಬೊಟ್ಟಿಡಲು ಕೈ ಚಾಚಿದರೆ, ಆ ನಿರಾಕಾರನೂ ಕೆನ್ನೆ ಕೊಡದೆ ಇರುತ್ತಾನೆಯೇ ಮಗು?"

ಶಿಷ್ಯ ಕೈ ಮುಗಿದು ಮತ್ತೆ ಧ್ಯಾನಕ್ಕೆ ಕೂತ.

ಕೇಳಿದ ನಿಮ್ಮೆಲ್ಲರ ಮನೆ ತಂಪಾಗಿರಲಿ. ನಿಮ್ಮ ಮಕ್ಕಳಿಗೆ ಯಾರ ಕಣ್ಣೂ ತಾಗದಿರಲಿ. ನೀವು ಕರೆದಾಗ ಅವನು ನಿಮಗೆ ಗುರುತು ಸಿಗುವ ಹಾಗೆಯೇ ಬರಲಿ.